ತಂಪಿದೆ, ನೆರಳಿಲ್ಲ

ಬೇಸಿಗೆ ಕಾಲಿಟ್ಟರೆ ಪತ್ರಿಕೆಗಳ ಪುರವಣಿಗಳಲ್ಲಿ ಒಂದೇ ಪಾಠ ಮರುಮುದ್ರಣವಾಗುತ್ತದೆ. ಕೊಡೆ ಹಿಡಿಯಿರಿ, ಟೋಪಿ ಹಾಕಿಕೊಳ್ಳಿ, ಮಜ್ಜಿಗೆ ಕುಡಿಯಿರಿ, ಹನ್ನೊಂದರಿಂದ ಮೂರರವರೆಗೆ ಹೊರಗೆ ಓಡಾಡಬೇಡಿ. ಕಾರಿನಲ್ಲಿ ಕೂತವರಿಗೆ ಆ ಪಾಠದಲ್ಲಿ ಒಂದು ಸಾಲೂ ಇರುವುದಿಲ್ಲ. ಅವರು ‘ಒಳಗೆ’ ಇದ್ದಾರಲ್ಲ! ಮನೆಗಳಲ್ಲೂ ಇದೇ ತೀರ್ಪು: ‘ಗ್ಲಾಸ್ ಏರಿಸಿ ಎಸಿ ಹಾಕ್ಕೊಂಡ್ರೆ ಆಯ್ತು, ಬಿಸಿಲೇನು ಮಾಡತ್ತೆ?’ ಈ ತೀರ್ಪಿಗೆ ಬಾಲಂಗೋಚಿಯಾಗಿ ಇನ್ನೊಂದು ನಂಬಿಕೆ ಸೇರಿಕೊಂಡಿದೆ. ಗಾಜು ಕಪ್ಪಾಗಿದ್ದಷ್ಟೂ ಕ್ಷೇಮ, ಆ ಕಪ್ಪನ್ನು ಕೋರ್ಟು ಕಿತ್ತುಕೊಂಡಿದ್ದರಿಂದಲೇ ನಾವೆಲ್ಲ ಬಿಸಿಲಿಗೆ ಬಿದ್ದಿದ್ದೇವೆ ಎಂಬುದು ಅದು. ವಿದ್ಯಾವಂತರು, ವೈದ್ಯರು, ಇಂಜಿನಿಯರುಗಳು ಸಹ ಈ ಎರಡನ್ನೂ ಆತ್ಮವಿಶ್ವಾಸದಿಂದ ಹೇಳುತ್ತಾರೆ. ಎರಡೂ ತಪ್ಪು. ಎರಡಕ್ಕೂ ಬುಡ ಒಂದೇ: ಬಿಸಿಲನ್ನು ನಾವು ಸೆಖೆಯಿಂದ ಅಳೆಯುತ್ತೇವೆ. ಮೈ ಬೆವರದಿದ್ದರೆ ಬಿಸಿಲು ತಾಗಲಿಲ್ಲ ಎಂದುಕೊಳ್ಳುತ್ತೇವೆ.

ಈ ಅಳತೆಗೋಲು ಏಕೆ ಕೆಲಸಕ್ಕೆ ಬಾರದು ಎಂಬುದಕ್ಕೆ ಪ್ರೌಢಶಾಲೆಯ ವಿಜ್ಞಾನ ಸಾಕು. ನೆಲಕ್ಕೆ ತಲುಪುವ ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಅವಗೆಂಪು ಕಿರಣ, ಉಳಿದ ಅರ್ಧದಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಬೆಳಕು. ನೇರಳಾತೀತ ಎನ್ನುವುದು ಶೇಕಡಾ ಐದರ ಆಸುಪಾಸು ಮಾತ್ರ. ಮೈಗೆ ಝಳ ಹೊಡೆಯಿತು ಎಂದು ನಮಗೆ ಗೊತ್ತಾಗುವುದು ಮೊದಲ ಎರಡರಿಂದ. ಚರ್ಮವನ್ನು ಕೆಡಿಸುವ ಕೆಲಸದಲ್ಲಿ ಮುಂದಾಳು ಮೂರನೆಯದು, ಅದು ಬಂದದ್ದು ಚರ್ಮಕ್ಕೆ ತಿಳಿಯುವುದೇ ಇಲ್ಲ. ನೇರಳಾತೀತವನ್ನು ಹಿಡಿಯುವ ಇಂದ್ರಿಯ ಮನುಷ್ಯನಿಗಿಲ್ಲ. ಎಸಿ ತಣ್ಣಗೆ ಮಾಡುವುದು ಗಾಳಿಯನ್ನು. ಕಿಟಕಿಯಿಂದ ತೊಡೆಯ ಮೇಲೆ ಬಿದ್ದ ಬಿಸಿಲಿನ ತುಂಡಿನಲ್ಲಿ ಎಸಿ ಹಾಕುವ ಮುನ್ನ ಎಷ್ಟು ನೇರಳಾತೀತವಿತ್ತೋ ಹಾಕಿದ ಮೇಲೂ ಅಷ್ಟೇ ಇರುತ್ತದೆ. ಆದ ವ್ಯತ್ಯಾಸವೆಂದರೆ, ಮೊದಲು ಕಾಲು ಸರಿಸಿಕೊಳ್ಳುತ್ತಿದ್ದವರು ಈಗ ಸರಿಸಿಕೊಳ್ಳುವುದಿಲ್ಲ. ಎಸಿ ಬಿಸಿಲನ್ನು ತಡೆಯದೆ, ಬಿಸಿಲು ಬಿದ್ದಿದೆ ಎಂಬ ಎಚ್ಚರಿಕೆಯನ್ನು ಮಾತ್ರ ಬಂದ್ ಮಾಡುತ್ತದೆ.

‘ಗಾಜು ತಡೆಯುತ್ತಲ್ಲ?’ ಎನ್ನುತ್ತಾರೆ. ತಡೆಯುತ್ತದೆ, ಅರ್ಧ. ನೆಲಕ್ಕೆ ಬರುವ ನೇರಳಾತೀತದಲ್ಲಿ ಎರಡು ಬಗೆ. ಯುವಿ-ಬಿ ಚರ್ಮವನ್ನು ಕೆಂಪಾಗಿಸಿ ಸುಡುವಂಥದ್ದು, ಅದನ್ನು ಮಾಮೂಲಿ ಗಾಜೂ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಯುವಿ-ಎ ಸುಡುವುದು ಕಡಿಮೆ, ಆದರೆ ಇಳಿಯುವುದು ಆಳಕ್ಕೆ. ಚರ್ಮದ ಬಿಗಿ ಕಾಯುವ ಕೊಲಾಜೆನ್ ನಾರುಗಳವರೆಗೆ ಅದು ಹೋಗುತ್ತದೆ, ಬಣ್ಣದ ಕಣಗಳನ್ನು ಕೆರಳಿಸುತ್ತದೆ. ನಮ್ಮ ಮೇಲೆ ಬೀಳುವ ನೇರಳಾತೀತದಲ್ಲಿ ಸುಮಾರು ಶೇ. 95 ಈ ಯುವಿ-ಎ. ಇದರ ವಿಷಯದಲ್ಲಿ ಕಾರಿನ ಗಾಜುಗಳೆಲ್ಲ ಒಂದೇ ಜಾತಿಯವಲ್ಲ. ಎದುರಿನ ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ಕಿನ ಒಂದು ಪದರ ಇಟ್ಟು ಒತ್ತಿದ್ದು. ಅಪಘಾತದಲ್ಲಿ ಚೂರುಗಳು ಮುಖಕ್ಕೆ ಹಾರದಿರಲಿ ಎಂದು ಇಟ್ಟ ಪದರ ಅದು. ಯುವಿ-ಎ ತಡೆಯುವುದು ಅದರಿಂದ ಪುಕ್ಕಟೆ ಸಿಕ್ಕ ಲಾಭ. ಪಕ್ಕದ ಕಿಟಕಿಗಳದ್ದು ಬಹುತೇಕ ಕಾರುಗಳಲ್ಲಿ ಟೆಂಪರ್ಡ್ ಗಾಜು, ಒಂದೇ ಹಾಳೆ. ಒಡೆದರೆ ಕಲ್ಲುಸಕ್ಕರೆಯ ಹಾಗೆ ಉದುರುತ್ತದಲ್ಲ, ಅದು. ಅದರಲ್ಲಿ ಆ ಪ್ಲಾಸ್ಟಿಕ್ ಪದರ ಇಲ್ಲ.

ಈ ಎರಡು ಗಾಜುಗಳ ನಡುವಿನ ಅಂತರ ಎಷ್ಟು ಎಂದು ಕ್ಯಾಲಿಫೋರ್ನಿಯಾದ ಕಣ್ಣಿನ ವೈದ್ಯ ಬ್ರಯಾನ್ ಬಾಕ್ಸರ್ ವಾಕ್ಲರ್ ಅಳೆದು 2016ರಲ್ಲಿ ಪ್ರಕಟಿಸಿದರು. 15 ಕಂಪನಿಗಳ 29 ಕಾರುಗಳು. ಎದುರಿನ ಗಾಜು ಸರಾಸರಿ ಶೇ. 96ರಷ್ಟು ಯುವಿ-ಎ ತಡೆದಿತ್ತು, ಕಾರಿನಿಂದ ಕಾರಿಗೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಚಾಲಕನ ಪಕ್ಕದ ಗಾಜು ತಡೆದದ್ದು ಸರಾಸರಿ ಶೇ. 71. ಸರಾಸರಿಗಿಂತ ಹೆಚ್ಚು ಗಾಬರಿ ಹುಟ್ಟಿಸಬೇಕಾದದ್ದು ಅದರ ಹರವು: ಒಂದು ಕಾರಿನಲ್ಲಿ ಶೇ. 96, ಇನ್ನೊಂದರಲ್ಲಿ ಶೇ. 44. ಶೇ. 90ಕ್ಕಿಂತ ಹೆಚ್ಚು ತಡೆದ ಪಕ್ಕದ ಗಾಜು 29ರಲ್ಲಿ ನಾಲ್ಕಕ್ಕೆ ಮಾತ್ರ ಇತ್ತು. ಅಂದರೆ ಕಾರು ಕೊಂಡವರು ಗೊತ್ತಿಲ್ಲದೆಯೇ ಒಂದು ಲಾಟರಿ ಟಿಕೆಟನ್ನೂ ಕೊಂಡಿರುತ್ತಾರೆ.

ವರ್ಷಗಟ್ಟಲೆ ಆ ಪಕ್ಕದ ಗಾಜಿನ ಬಳಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಒಂದು ಮುಖವೇ ಸಾಕ್ಷಿಯಾಗಿದೆ. 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಬ್ಬ 69 ವರ್ಷದ ಲಾರಿ ಚಾಲಕರ ಫೋಟೋ ಪ್ರಕಟಿಸಿತು. 28 ವರ್ಷ ಅಮೆರಿಕದಲ್ಲಿ ಸರಕು ಸಾಗಿಸಿದವರು. ಅಲ್ಲಿ ಸ್ಟೀರಿಂಗ್ ಎಡಗಡೆ ಇರುವುದರಿಂದ ಎಡಗೆನ್ನೆ ಕಿಟಕಿಯ ಕಡೆ. ಮುಖದ ಬಲ ಅರ್ಧ ಅವರ ವಯಸ್ಸಿನದು, ಎಡ ಅರ್ಧ ಅವರ ತಂದೆಯದು ಎನ್ನಬೇಕು. ಆ ಕಡೆ ಚರ್ಮ ದಪ್ಪಗಟ್ಟಿ, ನೆರಿಗೆ ಬಿದ್ದು, ಜೋತಿದೆ. ಒಬ್ಬನೇ ಮನುಷ್ಯ, ಒಂದೇ ಊಟ, ಒಂದೇ ವಂಶವಾಹಿ. ಎರಡು ಕೆನ್ನೆಗಳ ನಡುವೆ ಇದ್ದ ವ್ಯತ್ಯಾಸವೆಂದರೆ ಕಿಟಕಿಗೆ ಹತ್ತಿರ ಯಾವುದು ಎಂಬುದು. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ. ದಿನವಿಡೀ ಟ್ಯಾಕ್ಸಿ ಓಡಿಸುವವರ ಎರಡು ಮುಂಗೈಗಳನ್ನು ಒಟ್ಟಿಗೆ ಇಟ್ಟು ನೋಡಿ, ಬಲಗೈ ಬಣ್ಣವೇ ಬೇರೆ ಇರುತ್ತದೆ. ಅದಕ್ಕೆ ಯಾರ ಪ್ರಬಂಧವೂ ಬೇಡ.

ಗಾಜಿನ ಈ ಅರೆಬರೆ ಕಾವಲಿನಲ್ಲಿ ಇನ್ನೊಂದು ಕುಚೋದ್ಯವಿದೆ. ಕಾರಿನಲ್ಲಿ ಕೂತಾಗ ಹೇಗೂ ಬಿಸಿಲು ಬೀಳುತ್ತದೆ, ವಿಟಮಿನ್ ಡಿ ಆದರೂ ಸಿಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದದ್ದು ಯುವಿ-ಬಿ. ಗಾಜು ಹೊರಗೆ ನಿಲ್ಲಿಸುವುದು ಅದನ್ನೇ. ಲಾಭ ತರುವುದನ್ನು ಬಾಗಿಲಲ್ಲಿ ತಡೆದು ನಷ್ಟ ತರುವುದನ್ನು ಒಳಗೆ ಬಿಡುವ ಕಾವಲುಗಾರನನ್ನು ನಂಬಿ ನಾವು ಕಾಲು ಚಾಚಿ ಕೂತಿದ್ದೇವೆ. ಗಾಜು ಏರಿಸಿಕೊಂಡು ಎರಡು ತಾಸು ಬಿಸಿಲಲ್ಲಿ ಕಾರು ಓಡಿಸಿದವರು, ಇಳಿದು ಅಂಗಡಿಯವರೆಗೆ ನಡೆದ ಆ ನಾಲ್ಕು ಹೆಜ್ಜೆಯಲ್ಲಿ ಪಡೆದಷ್ಟು ವಿಟಮಿನ್ ಡಿಯನ್ನೂ ಕಾರಿನಲ್ಲಿ ಪಡೆದಿರುವುದಿಲ್ಲ.

ಈಗ ಕಪ್ಪು ಗಾಜಿನ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸನ್‌ಫಿಲ್ಮ್ ಮಾರುವ ಅಂಗಡಿಗಳಲ್ಲಿ ಒಂದು ಪ್ರದರ್ಶನ ಮಾಮೂಲು. ಕೆಂಪಗೆ ಉರಿಯುವ ಒಂದು ಬಲ್ಬು, ಅದರ ಮುಂದೆ ಒಂದು ತುಂಡು ಗಾಜು. ಗಿರಾಕಿಯ ಅಂಗೈಯನ್ನು ಗಾಜಿನ ಹಿಂದೆ ಇಡಿಸುತ್ತಾರೆ, ಸುಡುತ್ತದೆ. ಗಾಜಿಗೆ ಫಿಲ್ಮ್ ಅಂಟಿಸಿ ಮತ್ತೆ ಇಡಿಸುತ್ತಾರೆ, ಸುಡುವುದಿಲ್ಲ. ಗಿರಾಕಿ ಬೆರಗಾಗಿ ಪರ್ಸ್ ತೆಗೆಯುತ್ತಾನೆ. ಆ ಬಲ್ಬು ಸೂಸುವುದು ಅವಗೆಂಪು ಕಿರಣ, ಅಂದರೆ ಐಆರ್. ಸಾಬೀತಾದದ್ದು ಫಿಲ್ಮ್ ಆ ಕಿರಣವನ್ನು ತಡೆಯುತ್ತದೆ ಎಂಬುದಷ್ಟೇ. ಯುವಿ-ಎ ಬಗ್ಗೆ ಆ ಆಟ ಏನನ್ನೂ ಹೇಳಲಿಲ್ಲ, ಹೇಳಲು ಸಾಧ್ಯವೂ ಇಲ್ಲ, ಏಕೆಂದರೆ ಅಂಗೈಗೆ ಅದು ಗೊತ್ತೇ ಆಗುವುದಿಲ್ಲ. ಪೊಟ್ಟಣದ ಮೇಲಿನ ‘ಶೇ. 97 ಐಆರ್ ತಡೆ’ ಎಂಬ ಬರಹವನ್ನು ‘ಶೇ. 97 ಸೆಖೆ ತಡೆ’ ಎಂದು ಓದುವವರೇ ಹೆಚ್ಚು. ಸೂರ್ಯನ ಶಕ್ತಿಯಲ್ಲಿ ಕಾಣುವ ಬೆಳಕಿನ ಪಾಲೂ ಅರ್ಧದ ಹತ್ತಿರ ಇರುವಾಗ ಆ ಲೆಕ್ಕ ಹೇಗೆ ಹೊಂದೀತು?

ಇನ್ನು ಕಪ್ಪು. ಒಂದು ಫಿಲ್ಮ್ ಎಷ್ಟು ಕಪ್ಪಗಿದೆ ಎನ್ನುವುದಕ್ಕೂ ಅದು ಎಷ್ಟು ನೇರಳಾತೀತ ತಡೆಯುತ್ತದೆ ಎನ್ನುವುದಕ್ಕೂ ಅನಿವಾರ್ಯ ಸಂಬಂಧ ಯಾವುದೂ ಇಲ್ಲ. ಕಪ್ಪು ಎಂದರೆ ಕಾಣುವ ಬೆಳಕನ್ನು ಕಡಿಮೆ ಮಾಡಿತು ಎಂದರ್ಥ. ಬರೇ ಬಣ್ಣ ಹಚ್ಚಿದ ಅಗ್ಗದ ಫಿಲ್ಮ್ ರಾತ್ರಿಯಷ್ಟು ಕಪ್ಪಗಿದ್ದೂ ಯುವಿ-ಎಗೆ ದಾರಿ ಬಿಡಬಹುದು. ನೀರಿನಷ್ಟು ತಿಳಿಯಾದ ಫಿಲ್ಮ್, ಒಳಗೆ ನೇರಳಾತೀತ ಹೀರುವ ರಾಸಾಯನಿಕ ಇದ್ದರೆ, ಶೇ. 99 ತಡೆಯಬಲ್ಲದು. ವಿಂಡ್‌ಶೀಲ್ಡಿನ ಒಳಗಿನ ಪ್ಲಾಸ್ಟಿಕ್ ಪದರ ಕಣ್ಣಿಗೇ ಕಾಣುವುದಿಲ್ಲ, ಆದರೂ ಕಾರಿನ ಅತ್ಯುತ್ತಮ ನೆರಳು ಅದೇ. ಕಪ್ಪು ಗಾಜು ಚೆನ್ನಾಗಿ ಮಾಡುವ ಕೆಲಸ ಇನ್ನೊಂದಿದೆ, ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ಕಾಣದಂತೆ ಮಾಡುವುದು. ಬಿಸಿಲಿನ ಹೆಸರಲ್ಲಿ ನಾವು ಬಯಸುತ್ತಿದ್ದದ್ದು ಎಷ್ಟೋ ಸಲ ಇದನ್ನೇ. ಎಂಎಲ್‌ಎ ಕಾರಿನ ಗತ್ತು ಬೇಕಿತ್ತು, ಚರ್ಮದ ಕಾಳಜಿ ನೆಪಕ್ಕೆ ಸಿಕ್ಕಿತು.

ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಅವರ ಅರ್ಜಿಯ ಮೇಲೆ ಕೊಟ್ಟ ತೀರ್ಪನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಎದುರಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70, ಪಕ್ಕದ ಗಾಜು ಕನಿಷ್ಠ ಶೇ. 50ರಷ್ಟು ಕಾಣುವ ಬೆಳಕನ್ನು ಒಳಬಿಡಬೇಕು ಎನ್ನುತ್ತದೆ. ಗಾಜೇ ಹಾಗೆ ತಯಾರಾಗಿರಬೇಕು, ಆಮೇಲೆ ಅದರ ಮೇಲೆ ಫಿಲ್ಮಾಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸುವಂತಿಲ್ಲ ಎಂದು ಕೋರ್ಟು ಹೇಳಿತು. ಕಾರಣ ಅಪರಾಧ ಮತ್ತು ಭದ್ರತೆ. ಮೇ 4ರಿಂದ ಜಾರಿ. ಆ ದಿನಗಳಲ್ಲಿ ರಸ್ತೆ ಬದಿಯಲ್ಲಿ ಪೊಲೀಸರು ಉಗುರಲ್ಲಿ ಫಿಲ್ಮ್ ಸುಲಿಯುತ್ತಿದ್ದ ದೃಶ್ಯ ಹಲವರಿಗೆ ನೆನಪಿರಬಹುದು.

ಆಮೇಲೆ ನಡೆದ ವಾದವಿವಾದ ನೋಡಿ. ತೀರ್ಪಿನ ಪರ ಇದ್ದವರು ‘ಒಳಗೆ ಯಾರಿದ್ದಾರೆಂದು ಕಾಣಬೇಕು’ ಎಂದರು. ವಿರೋಧ ಇದ್ದವರು ‘ಕಣ್ಣು ಕೋರೈಸುತ್ತೆ, ಸೆಖೆ ಆಗುತ್ತೆ’ ಎಂದರು. ಎರಡೂ ಬಣ ಜಗಳವಾಡಿದ್ದು ಕಣ್ಣಿಗೆ ಕಾಣುವುದು ಮತ್ತು ಮೈಗೆ ತಾಗುವುದರ ಬಗ್ಗೆ. ಕಾಣದ, ತಾಗದ ಆ ಒಂದು ಕಿರಣದ ವಕಾಲತ್ತು ಹಾಕಿಕೊಂಡವರು ವಿರಳ. ನನ್ನ ದೂರು ಇಬ್ಬರ ಮೇಲೂ ಇದೆ. ಕಪ್ಪು ಫಿಲ್ಮ್ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಆದರೆ ಅದರ ಜೊತೆ ತಿಳಿ ಫಿಲ್ಮೂ ಹೋಯಿತು, ಪೊಲೀಸರ ಕಣ್ಣಿಗೆ ಒಂದಿಷ್ಟೂ ಅಡ್ಡ ಬರದಿದ್ದದ್ದು. 2020ರಲ್ಲಿ ನಿಯಮ 100ಕ್ಕೆ ತಿದ್ದುಪಡಿ ತಂದು, 2021ರ ಏಪ್ರಿಲ್ 1ರಿಂದ ಗಾಜಿನ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬ, ಒಳಮೈಗೆ ಪ್ಲಾಸ್ಟಿಕ್ ಪದರ ಸೇರಿಸಿದ ಹೊಸ ಬಗೆಗೂ ಅವಕಾಶ ಕೊಟ್ಟರು. ಅದನ್ನು ಆಧರಿಸಿ ಕೇರಳ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ, ಬೆಳಕಿನ ಪ್ರಮಾಣದ ಮಿತಿಯೊಳಗಿರುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಮರುದಿನದಿಂದಲೇ ಮತ್ತೆ ಕಪ್ಪಿನ ವ್ಯಾಪಾರ ಚಿಗುರಿತು. ಆದರೆ ಮಿತಿ ಬದಲಾಗಿಲ್ಲ, 70 ಮತ್ತು 50 ಹಾಗೇ ಇವೆ. ಗಾಜಿಗೇ ಸ್ವಲ್ಪ ಹಸಿರು ಛಾಯೆ ಇದ್ದರೆ ಅದರ ಮೇಲೆ ಅಂಟಿಸಿದ ಫಿಲ್ಮೂ ಸೇರಿ ಲೆಕ್ಕ ಮಿತಿ ದಾಟಬಹುದು. ಕೇರಳದ ತೀರ್ಪನ್ನು ಮೊಬೈಲಿನಲ್ಲಿ ಇಟ್ಟುಕೊಂಡು ನಮ್ಮ ಟ್ರಾಫಿಕ್ ಪೊಲೀಸರ ಜೊತೆ ವಾದಕ್ಕಿಳಿಯುವ ಮೊದಲು ಇಷ್ಟನ್ನಾದರೂ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಹೇಗಿದ್ದರೂ ಕೊಳ್ಳುವುದಾದರೆ ತಿಳಿಯಾದದ್ದನ್ನೇ ಕೊಳ್ಳಿ, ಅಂಗಡಿಯವರ ಬಲ್ಬಿನ ಆಟ ಬಿಟ್ಟು ಯುವಿ ಎಷ್ಟು ತಡೆಯುತ್ತದೆ ಎಂದು ಲಿಖಿತದಲ್ಲಿ ಕೇಳಿ.

ಕಪ್ಪು ಫಿಲ್ಮ್ ಇಲ್ಲದೆ ಬದುಕಲಾಗದು ಎಂದು ಗೋಳಾಡಿದ ಅದೇ ಜನ ಈಗ ಲಕ್ಷದ ಲೆಕ್ಕದಲ್ಲಿ ಹೆಚ್ಚು ಕೊಟ್ಟು ಚಾವಣಿಯನ್ನೇ ಗಾಜಿನದು ಮಾಡಿಸಿಕೊಳ್ಳುತ್ತಿದ್ದಾರೆ. ಸನ್‌ರೂಫ್! ಬೆಂಗಳೂರಿನ ನೆತ್ತಿಯ ಮೇಲೆ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ, ಆಗಸ್ಟಿನಲ್ಲಿ ಇನ್ನೊಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆಟ್ಟಗೆ ಬಂದು ಕಂಬಕ್ಕೂ ನೆರಳಿಲ್ಲದಂತೆ ಮಾಡುತ್ತಾನೆ. ಅಂಥ ಊರಿನಲ್ಲಿ ಸೂರ್ಯನಿಗೆ ಇರುವ ಒಂದೇ ಲೋಹದ ಅಡ್ಡಿಯನ್ನು ತೆಗೆಸಿ ಗಾಜು ಹಾಕಿಸಿಕೊಳ್ಳುವುದನ್ನು ಏನೆನ್ನಬೇಕೋ. ಒಳ್ಳೆಯ ಸನ್‌ರೂಫುಗಳ ಗಾಜು ನೇರಳಾತೀತವನ್ನು ಚೆನ್ನಾಗಿಯೇ ತಡೆಯುತ್ತದೆ ಎಂಬುದನ್ನು ಒಪ್ಪಿಕೊಳ್ಳೋಣ. ಸೆಖೆ ಸೆಖೆ ಎಂದು ಕೂಗಿದವರು ಸೆಖೆಯನ್ನೇ ದುಡ್ಡು ಕೊಟ್ಟು ತಂದದ್ದಕ್ಕೆ ಮಾತ್ರ ಅದು ಉತ್ತರವಾಗುವುದಿಲ್ಲ.

‘ಇದೆಲ್ಲ ಬಿಳಿಯರ ಸಮಸ್ಯೆ, ನಮ್ಮ ಚರ್ಮಕ್ಕೇನಾಗಲ್ಲ’ ಎನ್ನುವ ವಾದವೂ ಬರುತ್ತದೆ. ಅದರಲ್ಲಿ ನಿಜದ ಪಾಲಿದೆ. ನಮ್ಮ ಚರ್ಮದ ಮೆಲನಿನ್ ದೊಡ್ಡ ಕಾವಲು, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಿಗಿಂತ ತೀರ ಕಡಿಮೆ. ಹಾಗಾಗಿ ಕ್ಯಾನ್ಸರಿನ ಗುಮ್ಮ ತೋರಿಸಿ ಹೆದರಿಸುವ ಜಾಹೀರಾತುಗಳನ್ನು ನಾನೂ ನಂಬುವುದಿಲ್ಲ. ಆದರೆ ಅದೇ ಮೆಲನಿನ್ನಿನ ಕಾರಣಕ್ಕೆ ನಮ್ಮ ಚರ್ಮ ಬೇರೊಂದು ರೀತಿಯಲ್ಲಿ ಸೋಲುತ್ತದೆ. ಬಂಗು ಯಾರಿಗೆ ಗೊತ್ತಿಲ್ಲ? ಬಸುರಿನ ನಂತರ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದುಕಲೆ ಬಂದು, ಮುಲಾಮು ಹಚ್ಚಿ ಹಚ್ಚಿ ತಿಳಿಯಾಗಿ, ಒಂದು ದೂರದ ಪ್ರಯಾಣ ಮುಗಿಸಿ ಬಂದ ಮೇಲೆ ಮತ್ತೆ ಮೂಡಿತು ಎಂದು ಹೇಳುವ ಹೆಂಗಸರು ಎಷ್ಟು ಮಂದಿ. ಬಂಗು ಕೆರಳಲು ಯುವಿ-ಎ ಸಾಕು, ನಮ್ಮಂಥ ಕಂದು ಚರ್ಮದಲ್ಲಿ ಕಾಣುವ ಬೆಳಕೂ ಸಾಕು. ಅಂಥವರಿಗೆ ಮುಲಾಮು ಬರೆದು ‘ಬಿಸಿಲಿಗೆ ಹೋಗಬೇಡಿ’ ಎಂದು ಹೇಳಿ ಕಳಿಸುವುದು ಅರ್ಧ ಸಲಹೆ. ಅವರು ಬಿಸಿಲಿಗೆ ಹೋಗಿರುವುದಿಲ್ಲ, ಕಾರಿನಲ್ಲಿ ಕಿಟಕಿ ಪಕ್ಕ ಕೂತಿರುತ್ತಾರೆ.

ಔಷಧಿಗಳದ್ದು ಇನ್ನೊಂದು ಕಥೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೇ ಮೊಡವೆಗೂ ತಿಂಗಳುಗಟ್ಟಲೆ ಕೊಡುತ್ತಾರೆ. ಅದನ್ನು ನುಂಗುವವರಲ್ಲಿ ಕೆಲವರ ಚರ್ಮ ಬಿಸಿಲಿಗೆ ಅತಿಯಾಗಿ ಕೆರಳುತ್ತದೆ, ಕೆರಳಿಸುವುದು ಮುಖ್ಯವಾಗಿ ಯುವಿ-ಎ. ಲೂಪಸ್ ರೋಗದವರಿಗೆ ಬಿಸಿಲೇ ವಿಷ. ಇವರಿಗೆಲ್ಲ ‘ನಮ್ಮ ಬಣ್ಣ ಕಾಯುತ್ತೆ’ ಎಂಬ ಸಮಾಧಾನ ಹೇಳುವ ಧೈರ್ಯ ನನಗಿಲ್ಲ.

ನಮ್ಮ ಸಮಾಜದಲ್ಲಿ ಬಿಸಿಲಿನ ಮಾತು ಬಂದರೆ ಅದು ಒಂದೇ ಗುಂಡಿಗೆ ಬೀಳುತ್ತದೆ: ಕಪ್ಪಾಗುವುದು. ‘ಆ ಕಡೆ ಕೂತ್ಕೊ, ಕಪ್ಪಾಗ್ತೀಯ’ ಎಂದು ಮದುವೆ ಗೊತ್ತಾದ ಹುಡುಗಿಗೆ ಹೇಳುತ್ತಾರೆ, ಅವಳ ಅಣ್ಣನಿಗೆ ಹೇಳುವುದಿಲ್ಲ. ಫೇರ್‌ನೆಸ್ ಕ್ರೀಮಿನ ವ್ಯಾಪಾರ ನಡೆದದ್ದೇ ಈ ಅಂಜಿಕೆಯ ಮೇಲೆ. 2020ರಲ್ಲಿ ಅತಿ ದೊಡ್ಡ ಬ್ರ್ಯಾಂಡು ತನ್ನ ಹೆಸರಿನಿಂದ ‘ಫೇರ್’ ಎಂಬ ಪದ ಕಿತ್ತುಹಾಕಿದರೂ ಅಂಜಿಕೆ ಹೋಗಿಲ್ಲ. ಇದರಿಂದ ಎರಡು ಅನಾಹುತ. ಬಿಸಿಲಿನ ಎಚ್ಚರ ಎಂದರೆ ಹೆಣ್ಣುಮಕ್ಕಳ ಅಲಂಕಾರದ ವಿಷಯ ಎಂದು ಗಂಡಸರು ನಕ್ಕುಬಿಡುತ್ತಾರೆ. ಹೆಣ್ಣುಮಕ್ಕಳಲ್ಲೂ ಎಚ್ಚರ ಇರುವುದು ಸ್ಕೂಟರಿನ ಮೇಲೆ ಮಾತ್ರ. ಹುಬ್ಬಳ್ಳಿಯಲ್ಲಾಗಲಿ ದಾವಣಗೆರೆಯಲ್ಲಾಗಲಿ ನೋಡಿ, ಸ್ಕೂಟಿ ಹತ್ತಿದ ಹುಡುಗಿ ದುಪಟ್ಟಾದಲ್ಲಿ ಮುಖ ಸುತ್ತಿ, ಮೊಣಕೈವರೆಗೆ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಏರಿಸಿ ಹೊರಡುತ್ತಾಳೆ. ಕಾರು ಹತ್ತಿದ ಕೂಡಲೇ ಅದೆಲ್ಲ ಬಿಚ್ಚಿ ಬ್ಯಾಗಿಗೆ ಹಾಕುತ್ತಾಳೆ. ಸ್ಕೂಟರಿನ ಮೇಲೆ ಹತ್ತು ನಿಮಿಷ, ಕಾರಿನಲ್ಲಿ ಆರು ತಾಸು.

ಸನ್‌ಸ್ಕ್ರೀನ್ ಹಚ್ಚುತ್ತೇವಲ್ಲ ಎನ್ನುವವರು ಡಬ್ಬಿಯ ಮೇಲೆ ಓದುವುದು ಎಸ್‌ಪಿಎಫ್ ಅಂಕಿ. 30, 50 ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಚರ್ಮ ಕೆಂಪಾಗದಂತೆ ಎಷ್ಟು ತಡೆಯುತ್ತದೆ ಎಂಬ ಅಳತೆ, ಅಂದರೆ ಮುಖ್ಯವಾಗಿ ಯುವಿ-ಬಿಯದ್ದು. ಅದನ್ನು ಗಾಜು ಆಗಲೇ ತಡೆದಾಗಿದೆ. ಗಾಜಿನ ಹಿಂದೆ ಕೂತವರು ನೋಡಬೇಕಾದದ್ದು ಪಕ್ಕದಲ್ಲಿ ಸಣ್ಣದಾಗಿ ‘ಪಿಎ’ ಎಂದು ಬರೆದು ಹಾಕಿರುವ ಕೂಡಿಸುವ ಚಿಹ್ನೆಗಳನ್ನು. ಯುವಿ-ಎಯ ಲೆಕ್ಕ ಅದು, ಮೂರೋ ನಾಲ್ಕೋ ಚಿಹ್ನೆ ಇರಲಿ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಮೇಲು. ಕಾಣುವ ಬೆಳಕನ್ನು ತಡೆಯಲು ಬಿಳಿ ಕ್ರೀಮಿಗೆ ಆಗುವುದಿಲ್ಲ. ದುಬಾರಿ ಎನಿಸಿದರೆ ಬಟ್ಟೆ ಇದೆ. ಅಲ್ಲೂ ಒಂದು ರೂಢಿಯ ತಪ್ಪು: ಬೇಸಿಗೆಗೆ ತೆಳು ಬಿಳಿ ಹತ್ತಿಯೇ ಸೈ ಎಂದು. ಬಯಲಿನಲ್ಲಿ ಸೆಖೆಗೆ ಅದು ಸರಿ, ಆದರೆ ತೆಳು ಬಿಳಿ ಹತ್ತಿ ನೇರಳಾತೀತವನ್ನು ಸಾಕಷ್ಟು ಒಳಬಿಡುತ್ತದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಹೆಚ್ಚು ತಡೆಯುತ್ತದೆ. ಎಸಿ ಕಾರಿನಲ್ಲಿ ಕೂತವರಿಗೆ ಗಾಢ ಬಣ್ಣದ ತುಂಬುತೋಳಿನಿಂದ ಏನು ತೊಂದರೆ?

ಸೀಟು ಆರಿಸುವುದಂತೂ ಪುಕ್ಕಟೆ. ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಈ ವಿದ್ಯೆ ಬರುತ್ತಿತ್ತು, ಯಾವ ಊರಿಗೆ ಎಷ್ಟು ಹೊತ್ತಿಗೆ ಹೊರಟರೆ ಯಾವ ಕಡೆ ಬಿಸಿಲು ಎಂದು ನೋಡಿಯೇ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದರು. ಕಾರು ಬಂದ ಮೇಲೆ ಅದು ಮರೆತುಹೋಯಿತು. ಬೆಂಗಳೂರಿನಿಂದ ಮೈಸೂರಿಗೆ ರಸ್ತೆ ನೈಋತ್ಯಕ್ಕೆ ಹೋಗುತ್ತದೆ. ಬೆಳಿಗ್ಗೆ ಹೊರಟರೆ ಸೂರ್ಯ ಎಡಗಡೆ, ಹಿಂದಿನಿಂದ. ಸಂಜೆ ಮರಳುವಾಗಲೂ ಬಹುಪಾಲು ಹಾಗೆಯೇ ಎಡಹಿಂದಿನಿಂದ. ಯಜಮಾನರು ಕೂರುವ ಎಡ ಹಿಂಬದಿಯ ಸೀಟೇ ಎರಡು ಹೊತ್ತೂ ಬಿಸಿಲಿನದು. ಮಂಗಳೂರಿನಿಂದ ಉಡುಪಿಗೆ ರಸ್ತೆ ಉತ್ತರಕ್ಕೆ. ಬೆಳಿಗ್ಗೆ ಹೋಗುವಾಗ ಪೂರ್ವ ಬಲಕ್ಕೆ, ಸಂಜೆ ಬರುವಾಗ ಪಶ್ಚಿಮವೂ ಬಲಕ್ಕೆ. ಅಲ್ಲಿ ದಿನಾ ಬಾಡಿಗೆ ಹೊಡೆಯುವವರ ಬಲಗೆನ್ನೆಗೆ ಬಿಡುವೇ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆ ವಾಯವ್ಯಕ್ಕೆ, ಮುಂಜಾನೆ ಹೊರಟವರಿಗೆ ಬಲಹಿಂದಿನಿಂದ ಹೊಡೆಯುವ ಬಿಸಿಲು ಮಧ್ಯಾಹ್ನ ಕಳೆದ ಮೇಲೆ ಎಡಕ್ಕೆ ಹೊರಳಿರುತ್ತದೆ. ಮಗುವಿನ ಸೀಟನ್ನು ಯಾವ ಕಡೆ ಕಟ್ಟಬೇಕು ಎಂದು ತೀರ್ಮಾನಿಸುವ ಮುನ್ನ ಅರ್ಧ ನಿಮಿಷ ದಿಕ್ಕು ನೋಡಿದರೆ ಸಾಕು.

ಕಾಲದ ವಿಷಯದಲ್ಲೂ ನಮ್ಮ ಲೆಕ್ಕ ತಲೆಕೆಳಗು. ಮೇ ತಿಂಗಳ ನಡುಮಧ್ಯಾಹ್ನ ಸೂರ್ಯ ತಲೆಯ ಮೇಲಿರುತ್ತಾನೆ, ಹೊಡೆತವನ್ನು ಕಾರಿನ ಚಾವಣಿ ತೆಗೆದುಕೊಳ್ಳುತ್ತದೆ. ಕಿಟಕಿಯಿಂದ ಬಿಸಿಲು ನುಗ್ಗುವುದು ಸೂರ್ಯ ಓರೆಯಾಗಿರುವಾಗ, ಬೆಳಗಿನ ಎಂಟು ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ, ಮತ್ತು ಡಿಸೆಂಬರಿನಲ್ಲಿ ಬಹುಪಾಲು ದಿನವಿಡೀ. ಆ ಹೊತ್ತುಗಳಲ್ಲಿ ಯುವಿ-ಬಿ ಬಹಳ ಇಳಿದಿರುತ್ತದೆ, ಯುವಿ-ಎ ಅಷ್ಟು ಇಳಿಯುವುದಿಲ್ಲ. ಚಳಿಗಾಲದ ಬೆಳಗಿನ ಹಿತವಾದ ಎಳೆಬಿಸಿಲೆಂದು ಗಾಜಿಗೆ ಕೆನ್ನೆಯೊಡ್ಡಿ ಮಲಗಿದವರ ಮೇಲೂ ಅದು ಬೀಳುತ್ತಿರುತ್ತದೆ. ‘ಬೆಂಗಳೂರು ತಂಪೂರು, ಬಿಸಿಲೇನಿದ್ದರೂ ಕಲಬುರಗಿ, ರಾಯಚೂರಿನವರ ಪಾಡು’ ಎಂಬ ಮಾತೂ ಹೀಗೆಯೇ. ಉಷ್ಣಾಂಶಕ್ಕೂ ನೇರಳಾತೀತ ಸೂಚ್ಯಂಕಕ್ಕೂ ನೇರ ನಂಟಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ನಡುಹಗಲಲ್ಲಿ ಆ ಸೂಚ್ಯಂಕ 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 11 ಎಂದರೆ ತುತ್ತತುದಿಯ ವರ್ಗ, 3ಕ್ಕೇ ರಕ್ಷಣೆ ಬೇಕು.

ಇಷ್ಟೂ ಹೊತ್ತು ಸೆಖೆಯನ್ನು ನಂಬಬೇಡಿ ಎಂದೆ. ಸೆಖೆಯೇ ಕೊಲೆಗಾರ ಆಗುವ ಒಂದು ಸಂದರ್ಭವಿದೆ, ವಿಚಿತ್ರವೆಂದರೆ ಅಲ್ಲಿ ನಾವು ನಿಶ್ಚಿಂತರು. ನಿಲ್ಲಿಸಿದ ಕಾರು. ‘ಐದೇ ನಿಮಿಷ, ಪಾಪು ಮಲಗಿದೆ, ಗ್ಲಾಸ್ ಸ್ವಲ್ಪ ಇಳಿಸಿದ್ದೀನಿ.’ ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಏರಿಕೆಯ ಶೇ. 80 ಮೊದಲ ಅರ್ಧ ಗಂಟೆಯಲ್ಲೇ ಆಗಿಬಿಡುತ್ತದೆ. ಹೊರಗೆ ಸಾಧಾರಣ ಹವೆ ಇದ್ದ ದಿನಗಳಲ್ಲೂ ಅಷ್ಟೇ. ಗಾಜನ್ನು ಒಂದೆರಡು ಬೆರಳಿನಷ್ಟು ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 2018ರಲ್ಲಿ ಅರಿಜೋನಾದ ಟೆಂಪಿ ಊರಿನಲ್ಲಿ ಅಳೆದಾಗ ಬಿಸಿಲಲ್ಲಿ ಒಂದು ತಾಸು ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ, ಸ್ಟೀರಿಂಗ್ 53, ಸೀಟು 51 ಮುಟ್ಟಿತ್ತು. ಎರಡು ವರ್ಷದ ಮಗುವಿನ ಒಡಲಿನ ಉಷ್ಣಾಂಶ ಅಂಥ ಕಾರಿನಲ್ಲಿ ಸುಮಾರು ಒಂದು ತಾಸಿಗೆ ಪ್ರಾಣಾಪಾಯದ 40 ಡಿಗ್ರಿ ತಲುಪಬಲ್ಲದು ಎಂದು ಅಳೆದ ಸಂಶೋಧಕರು ಲೆಕ್ಕ ಹಾಕಿದರು. ಮರದ ನೆರಳಲ್ಲಿ ನಿಲ್ಲಿಸಿದರೆ? ಎರಡು ತಾಸಿನ ಒಳಗೆ. ನೆರಳು ಕೊಟ್ಟದ್ದು ವಾಯಿದೆ ಮಾತ್ರ. ಬಳ್ಳಾರಿಯಲ್ಲೋ ವಿಜಯಪುರದಲ್ಲೋ ಏಪ್ರಿಲಿನಲ್ಲಿ ಈ ಅಂಕಿಗಳು ಸುಧಾರಿಸುತ್ತವೆ ಎಂದು ಯಾರೂ ಭಾವಿಸಬೇಕಿಲ್ಲ.

ಬಿಸಿಯೇರಿದ ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಹೊರಟು ಕ್ಯಾನ್ಸರ್ ತರುತ್ತದೆ, ಎಸಿ ಹಾಕುವ ಮುನ್ನ ಗಾಜು ಇಳಿಸಿ ಎಂಬ ವಾಟ್ಸ್ಯಾಪ್ ಸಂದೇಶ ವರ್ಷಕ್ಕೊಮ್ಮೆ ಎಲ್ಲ ಕುಟುಂಬಗಳ ಗುಂಪಿಗೂ ಭೇಟಿ ಕೊಡುತ್ತದೆ. ಬೆಂಜೀನಿನ ಕಥೆ ಉತ್ಪ್ರೇಕ್ಷೆ, ಗಾಜು ಇಳಿಸಿ ಎಂಬ ಸಲಹೆ ಸರಿ: ಒಳಗಿನ ಕಾದ ಗಾಳಿ ಹೊರಹೋದರೆ ಎಸಿಯ ಕೆಲಸ ಹಗುರ. ಕೆಟ್ಟ ಕಾರಣಕ್ಕೆ ಒಳ್ಳೆಯ ಕೆಲಸ ಮಾಡಿಸಿದ ಅಪರೂಪದ ಫಾರ್ವರ್ಡ್ ಅದು.

ಕೊನೆಗೆ, ದಿನಾ ಆ ಗಾಜಿನ ಪಕ್ಕ ಕೂರುವವರ ವಿಷಯ. ನಮ್ಮಲ್ಲಿ ಬಿಸಿಲಿನ ಚರ್ಚೆ ಎಂದರೆ ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಹೋಗುವವರ ಚರ್ಚೆ. ಹತ್ತು ಹನ್ನೆರಡು ತಾಸು ಕ್ಯಾಬ್ ಓಡಿಸುವವರು, ಲಾರಿಯವರು, ಶಾಲೆಯ ವ್ಯಾನಿನವರು ಅದರಲ್ಲಿ ಬರುವುದೇ ಇಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಬಹಳ ತಡವಾಗಿ ಬಂದ ಒಳ್ಳೆಯ ನಿಯಮ. ಗಾಜು ಮುಚ್ಚಿದ್ದರಿಂದ ಯುವಿ-ಬಿ, ಧೂಳು, ಬಿಸಿಗಾಳಿ ಮೂರೂ ತಪ್ಪುತ್ತವೆ. ಆದರೆ ಬಾಗಿಲಿನ ಗಾಜು ಯುವಿ-ಎ ಎಷ್ಟು ತಡೆಯಬೇಕು ಎಂದು ಆ ನಿಯಮ ಕೇಳಲಿಲ್ಲ. ಇಲ್ಲೂ ಅದೇ ಸೆಖೆಯ ಅಳತೆಗೋಲು. ತಣ್ಣಗೆ ಕೂರಿಸಿದೆವು, ಇನ್ನೇನು ಬೇಕು ಎಂಬ ಧಾಟಿ. ಇನ್ನು ಟ್ಯಾಕ್ಸಿ ಕಂಪನಿಗಳು ಸಮವಸ್ತ್ರ ಎಂದು ಬಿಳಿ ಅರೆತೋಳಿನ ಅಂಗಿ ಹಾಕಿಸುವುದನ್ನು ನಿಲ್ಲಿಸಿ ಗಾಢ ಬಣ್ಣದ ತುಂಬುತೋಳಿನದು ಕೊಡಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.

ಕಾರಿನ ಪ್ರತಿಯೊಂದು ಗಾಜಿನ ಮೂಲೆಯಲ್ಲಿ ಒಂದು ಪುಟ್ಟ ಮುದ್ರೆ ಇರುತ್ತದೆ. ಮಾಡಿದವರ ಹೆಸರು, ಲ್ಯಾಮಿನೇಟೆಡ್ಡೋ ಟೆಂಪರ್ಡೋ ಎಂಬುದು, ಭಾರತೀಯ ಮಾನಕದ ಸಂಖ್ಯೆ ಎಲ್ಲ ಅದರಲ್ಲಿ ಸಿಗುತ್ತವೆ. ಆ ಗಾಜು ಯುವಿ-ಎ ಎಷ್ಟು ತಡೆಯುತ್ತದೆ ಎಂಬುದು ಇರುವುದಿಲ್ಲ. ಲೀಟರಿಗೆ ಎಷ್ಟು ಕಿಲೋಮೀಟರ್, ಅಪಘಾತ ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ ಎಂದು ಕೇಳಲು ಕಲಿತ ಗಿರಾಕಿ ಇದನ್ನೂ ಶೋರೂಮಿನಲ್ಲಿ ಕೇಳಬೇಕು. ಸೇಲ್ಸ್‌ಮನ್ ‘ಸಾರ್, ನಮ್ಮ ಎಸಿ ಚಿಲ್ಲಿಂಗ್ ಸೂಪರ್’ ಎಂದು ಶುರುಮಾಡಿದರೆ, ಎಸಿಯ ಬಗ್ಗೆ ಕೇಳಲಿಲ್ಲ ಎಂದು ಹೇಳಿ ಮತ್ತೊಮ್ಮೆ ಕೇಳಬೇಕು. ನಿಯಮ 100ರಲ್ಲಿ 70, 50 ಎಂಬ ಎರಡು ಅಂಕಿಗಳಿವೆ, ಎರಡೂ ಕಣ್ಣಿಗೆ ಕಾಣುವ ಬೆಳಕಿಗಾಗಿ ಬರೆದವು. ಒಳಗೆ ಕೂತವರ ಚರ್ಮಕ್ಕಾಗಿ ಮೂರನೆಯ ಅಂಕಿಯೊಂದನ್ನು ಬರೆಯಲು ಅಲ್ಲಿ ಜಾಗ ಇದ್ದೇ ಇದೆ.